ದವಡೆಯ ಮೂಳೆಗೆ ನೆತ್ತರಿನ ನೆರವು

ಕೈ ಮುರಿದವನು ಕಟ್ಟು ಹಾಕಿಸಿಕೊಂಡು, ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಓಡಾಡಬಹುದು. ಕಾಲು ಮುರಿದವನು ಆರು ವಾರ ಮಂಚದ ಮೇಲೆ ಕಾಲು ಚಾಚಿ ಮಲಗಬಹುದು. ದವಡೆಗೆ ಮಾತ್ರ ಇಂಥ ರಜೆ ಸಿಗುವುದಿಲ್ಲ. ಉಣ್ಣಲು, ಮಾತಾಡಲು, ಆಕಳಿಸಲು, ಕೊನೆಗೆ ಉಗುಳು ನುಂಗಲು ಕೂಡ ಅದು ಅಲುಗಾಡಲೇಬೇಕು. ಮೇಲಾಗಿ ಅದು ಇರುವ ಜಾಗವನ್ನು ನೋಡಿ. ಸದಾ ಒದ್ದೆ, ಸದಾ ಬೆಚ್ಚಗೆ, ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ತವರುಮನೆ. ಇಂಥಲ್ಲಿ ಮೂಳೆ ಕೂಡಿಕೊಳ್ಳುವುದೇ ಒಂದು ಸಾಹಸ.

ಬರೀ ಬಿರುಕು ಬಿಟ್ಟ ಅಥವಾ ಮುರಿದ ದವಡೆಯನ್ನು ಲೋಹದ ಪಟ್ಟಿ ಮತ್ತು ತಿರುಪುಮೊಳೆಗಳಿಂದ ಬಿಗಿದು ಕೂಡಿಸುವುದು ಇಂದಿನ ಶಸ್ತ್ರವೈದ್ಯರಿಗೆ ನಿತ್ಯದ ಕೆಲಸ. ನಿಜವಾದ ಕಷ್ಟ ಎದುರಾಗುವುದು ದವಡೆಯ ಒಂದು ತುಂಡೇ ಇಲ್ಲವಾದಾಗ. ಬಾಯಿಯ ಕ್ಯಾನ್ಸರ್ ಮೂಳೆಗೆ ಹಬ್ಬಿದರೆ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಗುತ್ತದೆ. ಕ್ಯಾನ್ಸರ್ ಅಲ್ಲದಿದ್ದರೂ ಮೂಳೆಯನ್ನು ಒಳಗಿಂದೊಳಗೇ ತಿನ್ನುವ ಗಡ್ಡೆಗಳುಂಟು. ವಾಹನ ಅಪಘಾತ, ಗುಂಡೇಟುಗಳೂ ಇದೇ ಗತಿ ತರುತ್ತವೆ. ಐದಾರು ಸೆಂಟಿಮೀಟರ್ ಉದ್ದದ ಖಾಲಿ ಜಾಗ ಉಳಿದರೆ ಎರಡು ಬದಿಯ ಮೂಳೆಗಳು ಎಷ್ಟೇ ಬೆಳೆದರೂ ಒಂದನ್ನೊಂದು ಮುಟ್ಟಲಾರವು. ಗಲ್ಲ ಒಂದು ಬದಿಗೆ ವಾಲುತ್ತದೆ, ಜೊಲ್ಲು ನಿಲ್ಲುವುದಿಲ್ಲ, ಮಾತು ತೊದಲುತ್ತದೆ. ನಾಲ್ಕು ಜನರ ಜೊತೆ ಪಂಕ್ತಿಯಲ್ಲಿ ಕುಳಿತು ಉಣ್ಣಲು ಆ ಮನುಷ್ಯ ಹಿಂಜರಿಯುತ್ತಾನೆ.

ಇದು ಯಾವುದೋ ದೂರದ ದೇಶದ ಸಮಸ್ಯೆಯಲ್ಲ. ಪ್ರಪಂಚದಲ್ಲಿ ವರ್ಷವೂ ಹೊಸದಾಗಿ ಪತ್ತೆಯಾಗುವ ಬಾಯಿ ಕ್ಯಾನ್ಸರುಗಳಲ್ಲಿ ಸರಿಸುಮಾರು ಮೂರರಲ್ಲಿ ಒಂದು ಭಾರತದ್ದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಜಗಿಯುವ ಚಟಗಳೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಕಳೆದುಹೋದ ದವಡೆಯನ್ನು ಮತ್ತೆ ಕಟ್ಟುವುದು ಹೇಗೆ ಎಂಬ ಪ್ರಶ್ನೆ ನಮಗೆ ಬೇರೆಯವರಿಗಿಂತ ಹತ್ತಿರದ್ದು. ಆ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು ಕುತೂಹಲಕರವಾಗಿದೆ. ರೋಗಿಯ ರಕ್ತವನ್ನೇ ಒಂದಿಷ್ಟು ತೆಗೆದು, ಗಿರಗಿರನೆ ತಿರುಗಿಸಿ, ಅದರ ಒಂದು ಅಂಶವನ್ನು ಮೂಳೆಯ ಜೊತೆ ಬೆರೆಸಿ ಗಾಯದಲ್ಲಿ ತುಂಬುವುದೇ ಆ ಉಪಾಯ. ಅದರ ಹೆಸರು ಪ್ಲೇಟ್‌ಲೆಟ್ ಸಮೃದ್ಧ ಪ್ಲಾಸ್ಮಾ, ಅಥವಾ ಚಿಕ್ಕದಾಗಿ ಪಿ.ಆರ್.ಪಿ.

ಎರವಲು ಮೂಳೆ

ಪಿ.ಆರ್.ಪಿ.ಯ ಕಥೆಗೆ ಮೊದಲು ಮೂಳೆ ಕಸಿಯ ಬಗ್ಗೆ ಎರಡು ಮಾತು. ತೋಟಗಾರ ಮಾವಿನ ಕುಡಿಯನ್ನು ಬೇರೆ ಗಿಡಕ್ಕೆ ಕಸಿ ಕಟ್ಟುವಂತೆ, ಶಸ್ತ್ರವೈದ್ಯ ದೇಹದ ಒಂದು ಕಡೆಯ ಮೂಳೆಯನ್ನು ಇನ್ನೊಂದು ಕಡೆಗೆ ಕಸಿ ಮಾಡುತ್ತಾನೆ. ದವಡೆಗೆ ಬೇಕಾದ ಮೂಳೆ ಸಾಮಾನ್ಯವಾಗಿ ಬರುವುದು ಸೊಂಟದ ಎಲುಬಿನ ಅಂಚಿನಿಂದ. ಅಲ್ಲಿ ಸ್ಪಂಜಿನಂಥ ಮೆದು ಮೂಳೆ ಧಾರಾಳವಾಗಿದೆ. ಅದರ ಸಂದುಗಳಲ್ಲಿ ಅಸ್ಥಿಮಜ್ಜೆಯೂ, ಹೊಸ ಮೂಳೆ ಕಟ್ಟಬಲ್ಲ ಜೀವಕೋಶಗಳೂ ಇವೆ.

ಇನ್ನೊಂದು ವಿಧಾನವೂ ಉಂಟು. ಕಾಲಿನ ಹೊರಬದಿಯ ತೆಳು ಎಲುಬನ್ನು ಅದರ ರಕ್ತನಾಳಗಳ ಸಮೇತ ತೆಗೆದು, ಆ ನಾಳಗಳನ್ನು ಸೂಕ್ಷ್ಮದರ್ಶಕದಡಿ ಕತ್ತಿನ ನಾಳಗಳಿಗೆ ಹೊಲಿಯುವುದು. ಈ ಎಲುಬನ್ನು ಹೀಗೆ ಸಾಗಿಸಬಹುದೆಂದು ಆಸ್ಟ್ರೇಲಿಯಾದ ಇಯಾನ್ ಟೇಲರ್ 1975ರಲ್ಲಿ ತೋರಿಸಿದರು. ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ 1989ರಲ್ಲಿ ಅದನ್ನು ಕೆಳದವಡೆಗೆ ಅಳವಡಿಸಿದರು. ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಇಂದು ಇದಕ್ಕೇ ಅಗ್ರಸ್ಥಾನ. ಈ ಎಲುಬು ರಕ್ತವನ್ನು ಜೊತೆಗೇ ತರುವುದರಿಂದ ಹೊಸ ಜಾಗದಲ್ಲಿ ಹಸಿದು ಸಾಯುವುದಿಲ್ಲ.

ಸೊಂಟದಿಂದ ತಂದ ಮೂಳೆಯ ಚೂರುಗಳಿಗೆ ಈ ಭಾಗ್ಯ ಇಲ್ಲ. ಅವನ್ನು ಖಾಲಿ ಜಾಗದಲ್ಲಿ ತುಂಬಿದ ಗಳಿಗೆಯಿಂದ ಸುತ್ತಲಿನ ಅಂಗಾಂಶದಿಂದ ಹೊಸ ರಕ್ತನಾಳಗಳು ಒಳಕ್ಕೆ ಬೆಳೆಯುವವರೆಗೆ ಅವು ಹೇಗೋ ಬದುಕಿರಬೇಕು. ಮೊದಲ ಕೆಲವು ದಿನ ಒಳಗೆ ಆಮ್ಲಜನಕ ತೀರ ಕಡಿಮೆ. ತಂದ ಜೀವಕೋಶಗಳಲ್ಲಿ ಎಷ್ಟೋ ಈ ಅವಧಿಯಲ್ಲೇ ಸಾಯುತ್ತವೆ. ಉಳಿದವು ಬೇಗ ಬೇಗ ಹೆಚ್ಚಿ, ರಕ್ತನಾಳಗಳೂ ಬೇಗ ಒಳನುಗ್ಗಿದರೆ ಕಸಿ ಹಿಡಿಯುತ್ತದೆ. ತಡವಾದರೆ ಸೋಂಕು ತಗುಲಿ ಕೊಳೆಯುತ್ತದೆ, ಇಲ್ಲವೇ ನಿಧಾನವಾಗಿ ಕರಗಿಹೋಗುತ್ತದೆ. ಅಂದರೆ ಕಸಿಯ ಹಣೆಬರಹ ಬಹುಮಟ್ಟಿಗೆ ಮೊದಲ ಎರಡು ವಾರಗಳಲ್ಲೇ ನಿರ್ಧಾರವಾಗುತ್ತದೆ. ಆ ಎರಡು ವಾರ ಅದಕ್ಕೊಂದು ಊರುಗೋಲು ಕೊಡುವುದು ಹೇಗೆ?

ಚೂರಾದರೂ ಚುರುಕು

ಡೆಂಗೆ ಜ್ವರದ ದಯೆಯಿಂದ ಪ್ಲೇಟ್‌ಲೆಟ್ ಎಂಬ ಹೆಸರು ಈಗ ಹಳ್ಳಿಹಳ್ಳಿಗೂ ಗೊತ್ತು. ಪಠ್ಯಪುಸ್ತಕಗಳಲ್ಲಿ ಇವನ್ನು ಕಿರುತಟ್ಟೆಗಳು ಎನ್ನುತ್ತಾರೆ. ಇವು ಪೂರ್ಣ ಜೀವಕೋಶಗಳಲ್ಲ. ಅಸ್ಥಿಮಜ್ಜೆಯಲ್ಲಿ ಕುಳಿತ ದೈತ್ಯಗಾತ್ರದ ಕೋಶಗಳಿಂದ ಉದುರುವ ಚೂರುಗಳು. ಇವಕ್ಕೆ ಕೋಶಕೇಂದ್ರ ಇಲ್ಲ. ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಸುಮಾರು ನಾನೂರನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಆದೀತು. ಆಯುಷ್ಯ ಏಳರಿಂದ ಹತ್ತು ದಿನ. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅಂದರೆ ಗುಂಡುಸೂಜಿಯ ತಲೆಯಷ್ಟು ಹನಿಯಲ್ಲಿ, ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ಇಡೀ ದೇಹದ ಲೆಕ್ಕ ಹಾಕಿದರೆ ಒಂದು ಲಕ್ಷ ಕೋಟಿಗೂ ಮಿಕ್ಕೀತು!

ಇಟಲಿಯ ಟ್ಯೂರಿನ್ ನಗರದ ವಿಜ್ಞಾನಿ ಜೂಲಿಯೊ ಬಿಝೊಝೆರೊ 1882ರಲ್ಲಿ ಇವುಗಳ ಕೆಲಸವನ್ನು ಸ್ಪಷ್ಟವಾಗಿ ವಿವರಿಸಿದರು. ಜೀವಂತ ಪ್ರಾಣಿಗಳ ಸಣ್ಣ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಅವರಿಗೆ, ನಾಳಕ್ಕೆ ಗಾಯವಾದ ಕಡೆ ಈ ಚೂರುಗಳು ಓಡೋಡಿ ಬಂದು ಅಂಟಿಕೊಳ್ಳುವುದು ಕಾಣಿಸಿತು. ರಕ್ತ ಸೋರುವ ತೂತಿಗೆ ಇವು ಮೊದಲ ಬೆಣೆ. ಆಮೇಲೆ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಬಲೆಯಂತೆ ಹೆಣೆದುಕೊಂಡು ಗಟ್ಟಿ ಹೆಪ್ಪು ತಯಾರಾಗುತ್ತದೆ. ಸುಮಾರು ತೊಂಬತ್ತು ವರ್ಷ ಪ್ಲೇಟ್‌ಲೆಟ್ ಎಂದರೆ ರಕ್ತ ನಿಲ್ಲಿಸುವ ಬೆಣೆ ಎಂದೇ ಹೆಚ್ಚಿನವರು ತಿಳಿದಿದ್ದರು.

ಈ ತಿಳುವಳಿಕೆಗೆ ತಿರುವು ಕೊಟ್ಟದ್ದು 1974ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರಸೆಲ್ ರಾಸ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ. ಅದು ಬಹಳ ಸರಳ. ಪ್ರಯೋಗಾಲಯದ ತಟ್ಟೆಗಳಲ್ಲಿ ಜೀವಕೋಶಗಳನ್ನು ಬೆಳೆಸಲು ರಕ್ತದ ತಿಳಿರಸವನ್ನು ಹಾಕುವುದು ವಾಡಿಕೆ. ಹೆಪ್ಪುಗಟ್ಟಿದ ರಕ್ತದಿಂದ ಬಸಿದ ತಿಳಿಯನ್ನು ಹಾಕಿದರೆ ಕೋಶಗಳು ಹುಲುಸಾಗಿ ಹೆಚ್ಚುತ್ತಿದ್ದವು. ಪ್ಲೇಟ್‌ಲೆಟ್‌ಗಳನ್ನು ಮೊದಲೇ ಬೇರ್ಪಡಿಸಿ ತೆಗೆದ ಪ್ಲಾಸ್ಮಾದಿಂದ ಪಡೆದ ತಿಳಿಯನ್ನು ಹಾಕಿದರೆ ಸುಮ್ಮನೆ ಕುಳಿತಿರುತ್ತಿದ್ದವು. ಅದಕ್ಕೇ ಪ್ಲೇಟ್‌ಲೆಟ್‌ಗಳನ್ನು ಮತ್ತೆ ಸೇರಿಸಿದೊಡನೆ ಬೆಳವಣಿಗೆ ಶುರು! ಹಾಗಾದರೆ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳಿಂದ ಏನೋ ಹೊರಬರುತ್ತದೆ, ಅದೇ ಕೋಶಗಳಿಗೆ ‘ಹೆಚ್ಚಿರಿ’ ಎಂದು ಹೇಳುತ್ತದೆ ಎಂದಾಯಿತು.

ಆ ‘ಏನೋ’ ಒಂದಲ್ಲ, ಹಲವು. ಪ್ರತಿ ಪ್ಲೇಟ್‌ಲೆಟ್ಟಿನ ಒಳಗೆ ಆಲ್ಫಾ ಕಣಗಳೆಂಬ ಐವತ್ತರಿಂದ ಎಂಬತ್ತು ಪುಟ್ಟ ಚೀಲಗಳಿವೆ. ಅವುಗಳಲ್ಲಿ ಬೆಳವಣಿಗೆಕಾರಕಗಳೆಂಬ ಪ್ರೋಟೀನುಗಳು ಸಿದ್ಧವಾಗಿ ಕುಳಿತಿರುತ್ತವೆ. ಒಂದು, ಗಾಯ ಮಾಗಿಸುವ ಕೋಶಗಳನ್ನು ಹತ್ತಿರಕ್ಕೆ ಕರೆದು ಹೆಚ್ಚಿಸುತ್ತದೆ. ಇನ್ನೊಂದು, ಮೂಳೆಯ ತಳಹದಿಯನ್ನು ಹಾಸಲು ಪ್ರಚೋದಿಸುತ್ತದೆ. ಮತ್ತೊಂದು, ಹೊಸ ರಕ್ತನಾಳಗಳು ಚಿಗುರುವಂತೆ ಮಾಡುತ್ತದೆ. ಪ್ಲೇಟ್‌ಲೆಟ್ ಗಾಯದ ಜಾಗದಲ್ಲಿ ಅಂಟಿಕೊಂಡ ಹತ್ತು ನಿಮಿಷದೊಳಗೆ ಚೀಲಗಳ ಬಾಯಿ ತೆರೆಯುತ್ತದೆ. ಒಂದು ಗಂಟೆಯೊಳಗೆ ಸಿದ್ಧ ದಾಸ್ತಾನಿನ ಬಹುಪಾಲು ಖಾಲಿ.

ಬೆಣ್ಣೆ ತೆಗೆದಂತೆ

ಒಂದು ಹಿಡಿ ಗೊಬ್ಬರದಿಂದ ಗಿಡ ಚಿಗುರುವುದಾದರೆ ನಾಲ್ಕು ಹಿಡಿ ಹಾಕಿದರೆ ಹೇಗೆ? ಪಿ.ಆರ್.ಪಿ.ಯ ಹಿಂದಿನ ತರ್ಕ ಇಷ್ಟೇ. ಯಾವುದೇ ಗಾಯದಲ್ಲಿ ಹೆಪ್ಪು ತಾನಾಗಿಯೇ ಆಗುತ್ತದೆ. ಆದರೆ ಆ ಹೆಪ್ಪಿನಲ್ಲಿ ಕೆಂಪು ಕಣಗಳದೇ ಸಿಂಹಪಾಲು, ಪ್ಲೇಟ್‌ಲೆಟ್‌ಗಳದು ಅತ್ಯಲ್ಪ ಪಾಲು. ಈ ಪ್ರಮಾಣವನ್ನು ಬದಲಾಯಿಸಿ, ಪ್ಲೇಟ್‌ಲೆಟ್‌ಗಳೇ ತುಂಬಿರುವ ಹೆಪ್ಪನ್ನು ಮೂಳೆಯ ಚೂರುಗಳ ಸುತ್ತ ಇಟ್ಟರೆ ಕಸಿ ಬೇಗ ಹಿಡಿಯಬೇಕಲ್ಲವೇ?

ಬೇರ್ಪಡಿಸುವ ಕೆಲಸಕ್ಕೆ ಬೇಕಾದ ಯಂತ್ರ ಹೊಸದೇನಲ್ಲ. ಡೇರಿಯಲ್ಲಿ ಹಾಲಿನಿಂದ ಕೆನೆ ತೆಗೆಯುವ ಯಂತ್ರವನ್ನು ನೋಡಿದವರಿಗೆ ತತ್ತ್ವ ಗೊತ್ತೇ ಇದೆ. ಜೋರಾಗಿ ತಿರುಗಿಸಿದಾಗ ಭಾರವಾದದ್ದು ಹೊರಕ್ಕೆ ಸರಿಯುತ್ತದೆ, ಹಗುರವಾದದ್ದು ಒಳಗೆ ಉಳಿಯುತ್ತದೆ. ಮೊದಲು ರೋಗಿಯ ರಕ್ತವನ್ನು ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸುತ್ತಾರೆ. ಬಳಿಕ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದರೆ ಕೊಳವೆಯ ತಳದಲ್ಲಿ ಭಾರದ ಕೆಂಪು ಕಣಗಳು, ಮೇಲೆ ಒಣಹುಲ್ಲಿನ ಬಣ್ಣದ ಪ್ಲಾಸ್ಮಾ, ನಡುವೆ ತೆಳು ಕೆನೆಯಂಥ ಪದರ. ಪ್ಲೇಟ್‌ಲೆಟ್‌ಗಳು ಪ್ಲಾಸ್ಮಾದಲ್ಲೂ ಆ ಕೆನೆಯಲ್ಲೂ ಇರುತ್ತವೆ. ಅವೆರಡನ್ನೂ ಬೇರೆ ಕೊಳವೆಗೆ ಹೀರಿಕೊಂಡು ಈ ಸಲ ಜೋರಾಗಿ ತಿರುಗಿಸುತ್ತಾರೆ. ಪ್ಲೇಟ್‌ಲೆಟ್‌ಗಳು ತಳಕ್ಕೆ ಇಳಿಯುತ್ತವೆ. ಮೇಲಿನ ಬರಿ ಪ್ಲಾಸ್ಮಾವನ್ನು ತೆಗೆದರೆ ಉಳಿಯುವ ಸ್ವಲ್ಪ ದ್ರವವೇ ಪಿ.ಆರ್.ಪಿ.

ಶಸ್ತ್ರಚಿಕಿತ್ಸೆಯ ಮೇಜಿನ ಬಳಿ ಇದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಥ್ರಾಂಬಿನ್ ಸೇರಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಅದು ಲೋಳೆಯಂತೆ ಗಟ್ಟಿಯಾಗುತ್ತದೆ. ಮೂಳೆಯ ಚೂರುಗಳನ್ನು ಅದರಲ್ಲಿ ಕಲಸಿದರೆ ಚೆದುರಿ ಹೋಗದೆ ಒಂದು ಮುದ್ದೆಯಾಗಿ ನಿಲ್ಲುತ್ತವೆ. ಶಸ್ತ್ರವೈದ್ಯರ ಕೈಗೆ ಇದೇ ಒಂದು ದೊಡ್ಡ ಅನುಕೂಲ. ಈ ಲೋಳೆಯನ್ನು ಬಾಯಿ ಮತ್ತು ಮುಖದ ಶಸ್ತ್ರಚಿಕಿತ್ಸೆಯಲ್ಲಿ ಬಳಸಬಹುದೆಂದು ಅಮೆರಿಕದ ವಿಟ್‌ಮನ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ವರದಿ ಮಾಡಿದರು.

ಮಯಾಮಿಯ 88 ರೋಗಿಗಳು

ಪಿ.ಆರ್.ಪಿ.ಯನ್ನು ದಂತವೈದ್ಯ ಜಗತ್ತಿನಲ್ಲಿ ಮನೆಮಾತು ಮಾಡಿದ್ದು 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಫ್ಲೋರಿಡಾದ ಮಯಾಮಿ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು 88 ರೋಗಿಗಳನ್ನು ಆರಿಸಿಕೊಂಡರು. ಎಲ್ಲರ ಕೆಳದವಡೆಯಲ್ಲೂ ಗಡ್ಡೆ ತೆಗೆದ ಮೇಲೆ 5 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಮೂಳೆ ಕಳೆದುಹೋಗಿತ್ತು. ಎಲ್ಲರಿಗೂ ಸೊಂಟದ ಮೂಳೆಯ ಕಸಿ. ವ್ಯತ್ಯಾಸ ಒಂದೇ: 44 ಮಂದಿಗೆ ಬರಿ ಮೂಳೆ, ಉಳಿದ 44 ಮಂದಿಗೆ ಪಿ.ಆರ್.ಪಿ. ಬೆರೆಸಿದ ಮೂಳೆ. ಬೆರೆಸಿದ ದ್ರವದಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸಾಮಾನ್ಯ ರಕ್ತದಲ್ಲಿರುವುದರ ಸರಾಸರಿ ಶೇಕಡಾ 338 ಇತ್ತು. ಅಂದರೆ ಮೂರೂಕಾಲು ಪಟ್ಟಿಗೂ ಹೆಚ್ಚು.

ಎರಡು, ನಾಲ್ಕು, ಆರನೆಯ ತಿಂಗಳುಗಳಲ್ಲಿ ಎಕ್ಸ್‌ರೇ ತೆಗೆದು ಕಸಿ ಎಷ್ಟು ಬಲಿತಿದೆ ಎಂದು ಅಳೆದರು. ಪಿ.ಆರ್.ಪಿ. ಸೇರಿಸಿದ ಕಸಿಗಳು ತಮ್ಮ ವಯಸ್ಸಿಗಿಂತ 1.62ರಿಂದ 2.16 ಪಟ್ಟು ಬಲಿತಂತೆ ಕಂಡವು. ಸುಲಭವಾಗಿ ಹೇಳುವುದಾದರೆ, ಎರಡು ತಿಂಗಳ ಕಸಿ ನಾಲ್ಕು ತಿಂಗಳಿನದರಂತೆ ತೋರಿತು. ಆರು ತಿಂಗಳ ಬಳಿಕ ಕಸಿಯಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪಿ.ಆರ್.ಪಿ. ಗುಂಪಿನಲ್ಲಿ ಸರಾಸರಿ ಶೇಕಡಾ 74 ಭಾಗ ಮೂಳೆಯಿಂದ ತುಂಬಿತ್ತು, ಇನ್ನೊಂದು ಗುಂಪಿನಲ್ಲಿ ಶೇಕಡಾ 55.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಏಳೆಂಟು ದಿನ ಬದುಕುವ ಪ್ಲೇಟ್‌ಲೆಟ್, ಒಂದೇ ಗಂಟೆಯಲ್ಲಿ ತನ್ನ ಚೀಲ ಬರಿದು ಮಾಡುವ ಪ್ಲೇಟ್‌ಲೆಟ್, ಆರು ತಿಂಗಳ ಕೊನೆಯಲ್ಲೂ ಪರಿಣಾಮ ತೋರುವುದು ಹೇಗೆ? ಮಾರ್ಕ್ಸ್ ಕೊಟ್ಟ ವಿವರಣೆ ಹೀಗಿದೆ. ಬ್ಯಾಟರಿ ಕೆಟ್ಟು ನಿಂತ ಜೀಪನ್ನು ನಾಲ್ಕು ಜನ ತಳ್ಳುತ್ತಾರೆ. ಎಂಜಿನ್ ಗುರ್ರೆಂದ ಮೇಲೆ ತಳ್ಳುವವರ ಅಗತ್ಯವಿಲ್ಲ. ಪ್ಲೇಟ್‌ಲೆಟ್‌ಗಳು ಕೊಡುವುದು ಇಂಥ ನೂಕು. ಈ ನೂಕಿನಿಂದ ಮೂಳೆ ಕಟ್ಟುವ ಕೋಶಗಳು ಹೆಚ್ಚುತ್ತವೆ, ರಕ್ತನಾಳಗಳು ಚಿಗುರುತ್ತವೆ. ನಾಳಗಳ ಮೂಲಕ ಬಂದ ಭಕ್ಷಕ ಕೋಶಗಳು ತಾವೇ ಬೆಳವಣಿಗೆಕಾರಕಗಳನ್ನು ಸುರಿಸುತ್ತ ಮುಂದಿನ ಕೆಲಸವನ್ನು ವಹಿಸಿಕೊಳ್ಳುತ್ತವೆ. ಹೋಲಿಕೆಯ ಜೀಪು ಇಲ್ಲಿಯದು, ವಿವರಣೆಯ ಸಾರ ಮಾರ್ಕ್ಸ್ ಅವರದು.

ಹಿತ್ತಲ ಗಿಡವೂ ಮದ್ದು?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮದ್ದು ಹಿತ್ತಲಿಗಿಂತಲೂ ಹತ್ತಿರ, ರೋಗಿಯ ಮೈಯೊಳಗೇ ಇದೆ. ತನ್ನದೇ ರಕ್ತವಾದ್ದರಿಂದ ದೇಹ ತಿರಸ್ಕರಿಸುವ ಭಯವಿಲ್ಲ, ಬೇರೆಯವರ ರಕ್ತದಿಂದ ಬರುವ ರೋಗಗಳ ಭಯವಿಲ್ಲ. ಈ ಆಕರ್ಷಣೆಯಿಂದ ಪಿ.ಆರ್.ಪಿ. ಬಹಳ ಬೇಗ ಹರಡಿತು. ಮೊದಲು 400–450 ಮಿಲಿಲೀಟರ್ ರಕ್ತ ತೆಗೆದು ಆಸ್ಪತ್ರೆಯ ದೊಡ್ಡ ಯಂತ್ರದಲ್ಲಿ ಮಾಡಬೇಕಾಗಿದ್ದ ಕೆಲಸಕ್ಕೆ, 50–60 ಮಿಲಿಲೀಟರ್ ಸಾಕೆನ್ನುವ ಮೇಜಿನ ಮೇಲಿನ ಪುಟ್ಟ ಯಂತ್ರಗಳು ಬಂದವು. ಹಲ್ಲು ಕಿತ್ತ ಕುಳಿಗೆ, ಒಸಡಿನ ರೋಗದಿಂದ ಮೂಳೆ ಕರಗಿದ ಜಾಗಕ್ಕೆ, ಹುಟ್ಟಿನಿಂದಲೇ ಸೀಳಿದ ಮೇಲ್ದವಡೆಗೆ, ಕೃತಕ ಹಲ್ಲು ಕೂರಿಸುವ ಟೈಟಾನಿಯಂ ಬೇರುಗಳ ಸುತ್ತಲಿಗೆ, ಹೀಗೆ ಎಲ್ಲೆಡೆ ಅದನ್ನು ಬಳಸತೊಡಗಿದರು.

ಟೈಟಾನಿಯಂ ಬೇರಿನ ವಿಚಾರ ಇಲ್ಲಿ ಮುಖ್ಯ. ಸ್ವೀಡನ್ನಿನ ಪರ್-ಇಂಗ್ವರ್ ಬ್ರಾನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಅದನ್ನು ನೆಟ್ಟರು. ಮೂಳೆ ಟೈಟಾನಿಯಂಗೆ ನೇರವಾಗಿ ಬೆಸೆದುಕೊಳ್ಳುತ್ತದೆ. ಆದರೆ ನೆಡಲು ಮೊದಲು ಮೂಳೆ ಇರಬೇಕು! ಬಹುಕಾಲ ಹಲ್ಲಿಲ್ಲದ ಮೇಲ್ದವಡೆಯ ಹಿಂಭಾಗ ತೆಳುವಾಗಿರುತ್ತದೆ. ಅಲ್ಲಿ ಸೈನಸ್ ಎಂಬ ಗಾಳಿಗೂಡಿನ ತಳವನ್ನು ಮೇಲೆತ್ತಿ, ಕೆಳಗೆ ಮೂಳೆ ತುಂಬಬೇಕು. ಈ ಶಸ್ತ್ರಚಿಕಿತ್ಸೆಯೇ ಪಿ.ಆರ್.ಪಿ.ಗೆ ನಿಜವಾದ ಅಗ್ನಿಪರೀಕ್ಷೆಯಾಯಿತು.

ಎಡ ಮತ್ತು ಬಲ

ವಿಜ್ಞಾನದಲ್ಲಿ ಒಬ್ಬರು ಕಂಡದ್ದನ್ನು ಹತ್ತು ಜನ ಪರೀಕ್ಷಿಸಿ ನೋಡಬೇಕು. ಪಿ.ಆರ್.ಪಿ.ಯ ಪರೀಕ್ಷೆಗೆ ಬಾಯಿ ಒಂದು ಒಳ್ಳೆಯ ಅವಕಾಶ ಕೊಡುತ್ತದೆ. ಒಬ್ಬನೇ ಮನುಷ್ಯನ ಎಡಗಡೆಗೆ ಪಿ.ಆರ್.ಪಿ. ಸಹಿತ, ಬಲಗಡೆಗೆ ರಹಿತ ಕಸಿ ಮಾಡಬಹುದು. ವಯಸ್ಸು, ಆಹಾರ, ಚಟ, ರೋಗ ಎಲ್ಲವೂ ಎರಡೂ ಬದಿಗೆ ಒಂದೇ ಆದ್ದರಿಂದ ಹೋಲಿಕೆ ನ್ಯಾಯವಾಗಿರುತ್ತದೆ.

ನ್ಯೂಯಾರ್ಕಿನ ಸ್ಟುವರ್ಟ್ ಫ್ರೂಮ್ ಮತ್ತು ಸಂಗಡಿಗರು 2002ರಲ್ಲಿ ಮೂವರು ರೋಗಿಗಳ ಸೈನಸ್ ಕಸಿಯಲ್ಲಿ ಹೀಗೇ ಮಾಡಿದರು. ಆದರೆ ಅವರು ತುಂಬಿದ್ದು ಮುಖ್ಯವಾಗಿ ದನದ ಮೂಳೆಯಿಂದ ತಯಾರಿಸಿದ ಖನಿಜದ ಪುಡಿ. ಎರಡೂ ಬದಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಬೆಳವಣಿಗೆಕಾರಕಗಳು ‘ಹೆಚ್ಚಿರಿ’ ಎಂದು ಕೂಗುವುದು ಜೀವಕೋಶಗಳಿಗೆ. ಖನಿಜದ ಪುಡಿಯಲ್ಲಿ ಜೀವಕೋಶಗಳೇ ಇಲ್ಲ. ಬೀಜ ಬಿತ್ತದ ಹೊಲಕ್ಕೆ ಗೊಬ್ಬರ ಹಾಕಿದರೆ ಬೆಳೆ ಬಂದೀತೇ?

ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂಬ ನಂಬಿಕೆಗೂ ಪೆಟ್ಟು ಬಿತ್ತು. ಜರ್ಮನಿಯ ವೈಬ್ರಿಚ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಮೊಲಗಳ ತೊಡೆಯೆಲುಬಿನಲ್ಲಿ ನಡೆಸಿದ ಪ್ರಯೋಗದಲ್ಲಿ, ಮೈಕ್ರೋಲೀಟರಿಗೆ ಹತ್ತು ಲಕ್ಷದ ಆಸುಪಾಸಿನ ಪ್ಲೇಟ್‌ಲೆಟ್ ಇದ್ದಾಗ ಮಾತ್ರ ಲಾಭ ಕಂಡಿತು. ಅದಕ್ಕಿಂತ ಕಡಿಮೆಯಾದರೆ ಪರಿಣಾಮವಿಲ್ಲ, ತೀರ ಹೆಚ್ಚಾದರೆ ಮೂಳೆ ಬೆಳೆಯಲು ಅಡ್ಡಿಯೇ ಆದಂತೆ ತೋರಿತು. ಗೊಬ್ಬರ ಹೆಚ್ಚಾದರೆ ಗಿಡ ಸುಟ್ಟುಹೋಗುವುದನ್ನು ರೈತ ಬಲ್ಲ.

ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಸಮೀಕ್ಷೆ, ಸೈನಸ್ ಕಸಿಯಲ್ಲಿ ಪಿ.ಆರ್.ಪಿ.ಯಿಂದ ಫಲಿತಾಂಶ ಸುಧಾರಿಸುತ್ತದೆ ಎನ್ನಲು ಆಧಾರವಿಲ್ಲ ಎಂದಿತು. ಒಸಡಿನ ರೋಗದಿಂದಾದ ಮೂಳೆಯ ಕುಳಿಗಳ ಬಗ್ಗೆ 2018ರಲ್ಲಿ ಬಂದ ಇನ್ನೊಂದು ಸಮೀಕ್ಷೆ ಕೆಲವು ಬಗೆಯ ಚಿಕಿತ್ಸೆಗಳ ಜೊತೆ ಸ್ವಲ್ಪ ಲಾಭ ಇರಬಹುದು ಎಂದಿತಾದರೂ, ಸಾಕ್ಷ್ಯದ ಗುಣಮಟ್ಟ ಬಹಳ ಕೆಳಮಟ್ಟದ್ದೆಂದು ಎಚ್ಚರಿಸಿತು. ಬಾಯಿಯ ಹೊರಗೂ ಇದೇ ಕಥೆ. ಹಿಮ್ಮಡಿಯ ಸ್ನಾಯುರಜ್ಜುವಿನ ನೋವಿದ್ದ 54 ಮಂದಿಯ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಪಿ.ಆರ್.ಪಿ. ಚುಚ್ಚುಮದ್ದು ಬರಿ ಉಪ್ಪುನೀರಿನ ಚುಚ್ಚುಮದ್ದಿಗಿಂತ ಮೇಲೆನಿಸಲಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪಿ.ಆರ್.ಪಿ. ತಯಾರಿಸುವ ಹಲವು ಯಂತ್ರಗಳಿಗೆ ಒಪ್ಪಿಗೆ ನೀಡಿದೆ. ಆದರೆ ಹೆಚ್ಚಿನವಕ್ಕೆ ಕೊಟ್ಟ ಒಪ್ಪಿಗೆಯ ಒಕ್ಕಣೆ ಗಮನಿಸಬೇಕಾದ್ದು: ಮೂಳೆಯ ಚೂರುಗಳೊಡನೆ ಬೆರೆಸಿ ಅವನ್ನು ಕೈಯಲ್ಲಿ ಹಿಡಿಯಲು ಸುಲಭವಾಗಿಸುವುದಕ್ಕೆ ಮಾತ್ರ. ಮೂಳೆ ಬೇಗ ಬೆಳೆಯುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಮಯಾಮಿಯ ಫಲಿತಾಂಶ ಸುಳ್ಳೇ ಹಾಗಾದರೆ? ಹಾಗೆನ್ನಲಾಗದು. ಅಲ್ಲಿ ತುಂಬಿದ್ದು ಜೀವಕೋಶಗಳಿಂದ ತುಂಬಿತುಳುಕುವ ಸೊಂಟದ ಮೂಳೆ. ಬೇರೆಯವರು ಬೇರೆ ಬೇರೆ ವಸ್ತು ತುಂಬಿದರು, ಬೇರೆ ಬೇರೆ ಯಂತ್ರ ಬಳಸಿದರು. ಒಬ್ಬರ ಪಿ.ಆರ್.ಪಿ.ಯಲ್ಲಿ ಬಿಳಿ ಕಣಗಳಿದ್ದರೆ ಇನ್ನೊಬ್ಬರದರಲ್ಲಿ ಇರಲಿಲ್ಲ. ಒಬ್ಬರದು ಎರಡು ಪಟ್ಟು ಸಾಂದ್ರ, ಇನ್ನೊಬ್ಬರದು ಎಂಟು ಪಟ್ಟು. ಎಲ್ಲಕ್ಕೂ ಒಂದೇ ಹೆಸರು. ಈ ಗೊಂದಲ ಬಿಡಿಸಲೆಂದೇ ಡೋಹನ್ ಎರೆನ್‌ಫೆಸ್ಟ್ ಮತ್ತು ಸಂಗಡಿಗರು 2009ರಲ್ಲಿ ಇವನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು.

ಫ್ರಾನ್ಸಿನ ಸರಳ ದಾರಿ

ಪಿ.ಆರ್.ಪಿ.ಗೆ ಇನ್ನೊಂದು ತೊಡಕೂ ಇತ್ತು. ಲೋಳೆ ಗಟ್ಟಿಯಾಗಲು ಬೆರೆಸುತ್ತಿದ್ದ ಥ್ರಾಂಬಿನ್ ಹೆಚ್ಚಾಗಿ ದನದ ರಕ್ತದಿಂದ ತಯಾರಾದದ್ದು. ಅಪರೂಪಕ್ಕೆ ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಹುಟ್ಟಿಸಿ, ಅವು ಮನುಷ್ಯನ ಸ್ವಂತ ಹೆಪ್ಪುಗಟ್ಟಿಸುವ ಅಂಶಗಳನ್ನೇ ಹೊಡೆದು, ಮುಂದೆ ರಕ್ತಸ್ರಾವಕ್ಕೆ ಕಾರಣವಾಗಬಹುದೆಂದು ತಿಳಿದುಬಂತು.

ಫ್ರಾನ್ಸಿನ ಜೋಸೆಫ್ ಶೂಕ್ರೂನ್ 2001ರಲ್ಲಿ ಈ ತೊಡಕನ್ನೇ ತಪ್ಪಿಸುವ ದಾರಿ ತೋರಿದರು. ಅವರು ಸಿಟ್ರೇಟನ್ನೂ ಬಿಟ್ಟರು, ಥ್ರಾಂಬಿನ್ನನ್ನೂ ಬಿಟ್ಟರು. ರಕ್ತ ತೆಗೆದ ತಕ್ಷಣ ಕೊಳವೆಗಳನ್ನು ಯಂತ್ರಕ್ಕಿಟ್ಟು ನಿಮಿಷಕ್ಕೆ ಸುಮಾರು 2700ರಿಂದ 3000 ಸುತ್ತಿನಂತೆ ಹತ್ತು ಹನ್ನೆರಡು ನಿಮಿಷ ತಿರುಗಿಸಿದರೆ ಆಯಿತು. ರಕ್ತ ತಿರುಗುತ್ತಲೇ ತಾನಾಗಿ ಹೆಪ್ಪುಗಟ್ಟುತ್ತದೆ. ಕೊಳವೆಯ ನಡುವೆ ಪ್ಲೇಟ್‌ಲೆಟ್‌ಗಳನ್ನೂ ಬಿಳಿ ಕಣಗಳನ್ನೂ ಹಿಡಿದಿಟ್ಟುಕೊಂಡ ಹಳದಿ ಫೈಬ್ರಿನ್ ಮುದ್ದೆ ನಿಲ್ಲುತ್ತದೆ. ಅದನ್ನು ಇಕ್ಕುಳದಲ್ಲಿ ಎತ್ತಿ ಮೆಲ್ಲಗೆ ಒತ್ತಿದರೆ ತೆಳು ಪೊರೆಯಾಗುತ್ತದೆ. ಬೆಳವಣಿಗೆಕಾರಕಗಳು ಒಂದೇ ಗಂಟೆಯಲ್ಲಿ ಸುರಿದುಹೋಗದೆ, ಒಂದು ವಾರಕ್ಕೂ ಮಿಕ್ಕು ನಿಧಾನವಾಗಿ ಜಿನುಗುತ್ತವೆ. ಇದಕ್ಕೆ ಪ್ಲೇಟ್‌ಲೆಟ್ ಸಮೃದ್ಧ ಫೈಬ್ರಿನ್, ಅಂದರೆ ಪಿ.ಆರ್.ಎಫ್. ಎಂದು ಹೆಸರು. ಒಂದೇ ಕಟ್ಟಳೆ, ರಕ್ತ ತೆಗೆದ ಮೇಲೆ ತಡ ಮಾಡುವಂತಿಲ್ಲ. ತಡವಾದರೆ ತಿರುಗಿಸುವ ಮೊದಲೇ ಎಲ್ಲವೂ ಹೆಪ್ಪು.

ಖರ್ಚು ಕಡಿಮೆ, ವಿಧಾನ ಸುಲಭ. ಹೀಗಾಗಿ ಕರ್ನಾಟಕದ ದಂತ ವೈದ್ಯಕೀಯ ಕಾಲೇಜುಗಳೂ ಸೇರಿದಂತೆ ದೇಶದ ಹಲವೆಡೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಿ.ಆರ್.ಎಫ್. ವಿಶೇಷವಾಗಿ ಕೆಳದವಡೆಯ ಬುದ್ಧಿಹಲ್ಲು ಕಿತ್ತ ಕುಳಿಯಲ್ಲಿ ಇದನ್ನಿಟ್ಟರೆ, ಹೆಪ್ಪು ಕಳಚಿಹೋಗಿ ಮೂಳೆ ಬಯಲಾಗಿ ವಿಪರೀತ ನೋಯುವ ‘ಡ್ರೈ ಸಾಕೆಟ್’ ತೊಂದರೆ ಕಡಿಮೆಯಾಗುತ್ತದೆಂದು ಹಲವು ಪ್ರಯೋಗಗಳು ತೋರಿಸಿವೆ. ಮೆದು ಅಂಗಾಂಶ ಮಾಗುವುದರಲ್ಲಿ ಇದರ ಲಾಭ ಸ್ಪಷ್ಟ. ಗಟ್ಟಿ ಮೂಳೆ ಬೆಳೆಯುವುದರಲ್ಲಿ ಅಷ್ಟು ಸ್ಪಷ್ಟವಿಲ್ಲ.

ರೋಗಿ ಕೇಳಬೇಕಾದ್ದು

ರಕ್ತ ನಮ್ಮದೇ ಆದರೂ ಅದು ಹಾದುಹೋಗುವ ಸೂಜಿ, ಕೊಳವೆಗಳು ನಮ್ಮವಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿಯಿಲ್ಲದ ಒಂದು ಸೌಂದರ್ಯ ಮಳಿಗೆಯನ್ನು 2018ರಲ್ಲಿ ಮುಚ್ಚಿಸಲಾಯಿತು. ಅಲ್ಲಿ ಪಿ.ಆರ್.ಪಿ.ಯನ್ನು ಮುಖಕ್ಕೆ ಚುಚ್ಚಿಸಿಕೊಂಡ ಕೆಲವರಿಗೆ ಎಚ್.ಐ.ವಿ. ತಗುಲಿದ್ದನ್ನು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ವರದಿ ಮಾಡಿತು. ತಪ್ಪು ಪಿ.ಆರ್.ಪಿ.ಯದಲ್ಲ, ಶುಚಿತ್ವದ್ದು. ಆದ್ದರಿಂದ ಪ್ರತಿ ರೋಗಿಗೂ ಹೊಸ ಸೂಜಿ, ಹೊಸ ಕೊಳವೆ, ಕೊಳವೆಯ ಮೇಲೆ ಅವರವರ ಹೆಸರು ಇರಲೇಬೇಕು.

ಪ್ಲೇಟ್‌ಲೆಟ್ ಸಂಖ್ಯೆ ಕಡಿಮೆಯಿರುವವರಿಗೆ, ಪ್ಲೇಟ್‌ಲೆಟ್‌ಗಳೇ ಸರಿಯಾಗಿ ಕೆಲಸ ಮಾಡದ ಕಾಯಿಲೆ ಇರುವವರಿಗೆ ಈ ಚಿಕಿತ್ಸೆ ಹೊಂದುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರಿಗೆ ಮೊದಲೇ ಹೇಳಬೇಕು, ತಾವಾಗಿ ಮಾತ್ರೆ ನಿಲ್ಲಿಸಬಾರದು. ಕ್ಯಾನ್ಸರ್ ಪೂರ್ತಿ ಹೋಗಿದೆ ಎಂಬ ಖಾತ್ರಿ ಇಲ್ಲದ ಜಾಗದಲ್ಲಿ ಬೆಳವಣಿಗೆಕಾರಕಗಳನ್ನು ಸುರಿಯಲು ವೈದ್ಯರು ಹಿಂಜರಿಯುತ್ತಾರೆ. ‘ಹೆಚ್ಚಿರಿ’ ಎಂಬ ಕೂಗು ಯಾರ ಕಿವಿಗೆ ಬಿದ್ದೀತೋ ಎಂಬ ಅಳುಕು ಸಹಜ.

ಇನ್ನೊಂದು ಎಚ್ಚರಿಕೆಯ ಮಾತು ಮಯಾಮಿಯ ಅದೇ ಮಾರ್ಕ್ಸ್ ಅವರಿಂದಲೇ ಬಂದದ್ದು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಕೊಡುವ ಎರಡು ಬಿಸ್‌ಫಾಸ್ಫೊನೇಟ್ ಔಷಧಗಳನ್ನು ಪಡೆದವರಲ್ಲಿ ದವಡೆಯ ಮೂಳೆ ಸತ್ತು ಬಯಲಾಗುವುದನ್ನು ಅವರು 2003ರಲ್ಲಿ 36 ಪ್ರಕರಣಗಳೊಂದಿಗೆ ವರದಿ ಮಾಡಿದರು. ಇದೇ ವರ್ಗದ ಔಷಧಗಳನ್ನು ಮೂಳೆ ಸವೆತಕ್ಕೂ ಕೊಡುವುದುಂಟು, ಆದರೆ ಅಲ್ಲಿ ಅಪಾಯ ಬಹಳ ಕಡಿಮೆ. ಹಾಗಿದ್ದರೂ ಇಂಥ ಔಷಧ ಪಡೆಯುತ್ತಿರುವವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ತಿಳಿಸುವುದು ಒಳ್ಳೆಯದು.

ದಂತವೈದ್ಯರು ಪಿ.ಆರ್.ಪಿ. ಅಥವಾ ಪಿ.ಆರ್.ಎಫ್. ಹಾಕಬೇಕು ಎಂದಾಗ ರೋಗಿ ಸಂಕೋಚವಿಲ್ಲದೆ ಕೆಲವು ಪ್ರಶ್ನೆ ಕೇಳಬಹುದು. ಇದು ಯಾವುದಕ್ಕಾಗಿ, ನೋವು ಕಡಿಮೆ ಮಾಡಲೋ, ಮೂಳೆ ಬೆಳೆಸಲೋ? ಜೊತೆಗೆ ತುಂಬುವುದು ನನ್ನದೇ ಮೂಳೆಯೋ, ಅಂಗಡಿಯ ಪುಡಿಯೋ? ಇದನ್ನು ಬಿಟ್ಟರೆ ಚಿಕಿತ್ಸೆ ಕೆಡುತ್ತದೆಯೇ? ಇದರಿಂದ ಬಿಲ್ಲಿಗೆ ಎಷ್ಟು ಸೇರುತ್ತದೆ? ಒಳ್ಳೆಯ ವೈದ್ಯರು ಇವಕ್ಕೆ ನೇರವಾಗಿಯೇ ಉತ್ತರಿಸುತ್ತಾರೆ.

ಕಸಿ ಹಿಡಿಯುವುದು ಬಿಡುವುದು ಹೆಚ್ಚಾಗಿ ಹಳೆಯ ವಿಷಯಗಳನ್ನೇ ಅವಲಂಬಿಸಿದೆ. ಕಸಿ ಅಲುಗಾಡದಂತೆ ಬಿಗಿಯಾಗಿ ನಿಲ್ಲಿಸಿರಬೇಕು, ಬಾಯಿಯ ಉಗುಳು ಒಳಸೇರದಂತೆ ಮೇಲಿನ ಚರ್ಮ ಮುಚ್ಚಿರಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ರೋಗಿ ಬೀಡಿ ಸಿಗರೇಟು ಬಿಟ್ಟಿರಬೇಕು. ಹೊಗೆಯಲ್ಲಿನ ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಒಂದು ಕಡೆ ಹೊಸ ನಾಳ ಚಿಗುರಲೆಂದು ಪ್ಲೇಟ್‌ಲೆಟ್ ತುಂಬಿ, ಇನ್ನೊಂದು ಕಡೆ ಹೊಗೆ ಎಳೆದು ನಾಳ ಮುಚ್ಚಿದರೆ ಏನು ಪ್ರಯೋಜನ?

ಪ್ಲೇಟ್‌ಲೆಟ್‌ಗಳ ಶಕ್ತಿ ನಿಜ, ಅದರ ಎಲ್ಲೆಯೂ ನಿಜ. ಜೀವವಿರುವ ಮೂಳೆಗೆ ಅವು ಒಂದು ನೂಕು ಕೊಡಬಲ್ಲವು, ಇಲ್ಲದ ಮೂಳೆಯನ್ನು ಸೃಷ್ಟಿಸಲಾರವು. ಕಳೆದುಕೊಂಡ ದವಡೆಯನ್ನು ಕಟ್ಟಲು ಸೊಂಟದ ಮೂಳೆ, ಕಾಲಿನ ಎಲುಬು, ಲೋಹದ ಪಟ್ಟಿ, ನೆತ್ತರಿನ ಹೆಪ್ಪು, ಹಲವು ಗಂಟೆಗಳ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ತಾಳ್ಮೆ ಇಷ್ಟೆಲ್ಲ ಬೇಕು. ಇದ್ದ ದವಡೆಯನ್ನು ಉಳಿಸಿಕೊಳ್ಳಲು ಬಾಯಲ್ಲಿರುವ ಹೊಗೆಸೊಪ್ಪನ್ನು ಉಗಿದು, ಮತ್ತೆ ಹಾಕಿಕೊಳ್ಳದಿದ್ದರೆ ಎಷ್ಟೋ ಮಂದಿಗೆ ಅದೇ ದೊಡ್ಡ ಕಾವಲು. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಕಂಡರೆ ಹತ್ತಿರದ ದಂತವೈದ್ಯರಿಗೆ ಒಮ್ಮೆ ಬಾಯಿ ತೆರೆದು ತೋರಿಸುವುದಕ್ಕೆ ತಡ ಮಾಡಬಾರದು.